ಸ್ಪರ್ಧೆಗೆ ನಿಂತ ಹಾಡು

ಕಾರವಾರದ ಸಮೀಪದ ಕಡಲಿನಲ್ಲಿ ಅಂಜದೀವ ಎಂಬ ಪುಟ್ಟ ದ್ವೀಪವಿದೆ. ೧೪೯೮ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಸ್ವದೇಶಕ್ಕೆ ಮರಳುವ ಮುನ್ನ ಇಲ್ಲಿ ಲಂಗರು ಹಾಕಿದ್ದವು. ೧೫೦೫ರಲ್ಲಿ ಪೋರ್ತುಗೀಸರು ಈ ದ್ವೀಪದಲ್ಲಿ ಕೋಟೆಯೊಂದನ್ನು ಕಟ್ಟಿದರು. ೧೯೬೧ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯಾದಾಗ ಭಾರತದ ನೌಕಾಪಡೆ ದ್ವೀಪವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಕಾಳೀನದಿಯ ಆಚೆಗೆ ಗೋವೆಯ ಗಡಿಯವರೆಗೂ ಹಬ್ಬಿರುವ ಈ ತೀರದ ಜನ ಶತಮಾನಗಳ ಕಾಲ ಪೋರ್ತುಗೀಸರನ್ನು ನೆರೆಯವರನ್ನಾಗಿ ಕಂಡಿದ್ದರು. ಆ ನೆರೆಹೊರೆಯ ಗುರುತು ಇಂದಿಗೂ ನಮ್ಮ ಮಾತಿನಲ್ಲಿದೆ. ಮನೆಯೊಳಗಿನ ಮೇಜು, ಅಲಮಾರು, ಚಾವಿ, ತೋಟದ ಅನಾನಸು ಇವೆಲ್ಲ ಪೋರ್ತುಗೀಸ್ ಭಾಷೆಯ ದಾರಿಯಿಂದ ಬಂದ ಶಬ್ದಗಳು. ವ್ಯಾಪಾರದ ಹಾಗೂ ಬಳಕೆಯ ಪದಗಳು ಹೀಗೆ ದಡ ಹತ್ತಿದವು. ಆದರೆ ಆ ಭಾಷೆಯ ಹಾಡನ್ನು ಕೇಳಿ ಅರ್ಥಮಾಡಿಕೊಳ್ಳಬಲ್ಲವರು ಕಾರವಾರದಲ್ಲಾಗಲಿ ಅಂಕೋಲೆಯಲ್ಲಾಗಲಿ ಇಂದು ಬೆರಳೆಣಿಕೆಯಷ್ಟು ಮಂದಿಯೂ ಇರಲಾರರು. ಯುರೋಪಿನಲ್ಲಿಯೂ ಆ ಭಾಷೆ ಖಂಡದ ಒಂದು ಅಂಚಿನ ಸಣ್ಣ ದೇಶದ ನುಡಿ. ಅಂತಹ ಭಾಷೆಯ ಒಂದು ಮೆಲುದನಿಯ ಹಾಡು ಅನೇಕ ದೇಶಗಳ ಹಾಡುಗಳೊಡನೆ ಸ್ಪರ್ಧಿಸಿ ಮೊದಲನೆಯ ಸ್ಥಾನವನ್ನು ಪಡೆದ ಸಂಗತಿ ಗಮನಾರ್ಹವಾದುದು.

ಅದು ನಡೆದದ್ದು ೨೦೧೭ನೆಯ ಇಸವಿ ಮೇ ತಿಂಗಳ ೧೩ರಂದು, ಉಕ್ರೇನ್ ದೇಶದ ರಾಜಧಾನಿಯಾದ ಕೀವ್ ನಗರದಲ್ಲಿ. ಯೂರೋವಿಷನ್ ಗೀತಸ್ಪರ್ಧೆ ಎಂದು ಹೆಸರಾದ ಈ ಕೂಟದಲ್ಲಿ ಆ ವರ್ಷ ೪೨ ದೇಶಗಳು ಪಾಲುಗೊಂಡಿದ್ದವು. ಅಂತಿಮ ಸುತ್ತಿಗೆ ಉಳಿದವು ೨೬. ಒಂದಾದ ಮೇಲೊಂದು ತಂಡ ಬಂದು ಕುಣಿತ, ಬೆಳಕಿನ ಆಟ, ಹೊಗೆ, ಬೆಂಕಿಯ ಕಾರಂಜಿಗಳ ನಡುವೆ ಹಾಡಿ ಹೋಗುತ್ತಿತ್ತು. ಪೋರ್ತುಗಲ್ಲಿನ ಸರದಿ ಬಂದಾಗ ಸಾಲ್ವದೋರ್ ಸೊಬ್ರಾಲ್ ಎಂಬ ತರುಣನು ದೊಡ್ಡ ರಂಗಮಂಚವನ್ನು ಬಿಟ್ಟು, ಪ್ರೇಕ್ಷಕರ ನಡುವಿನ ಸಣ್ಣ ವೇದಿಕೆಯ ಮೇಲೆ ಒಬ್ಬನೇ ನಿಂತನು. ಹಿಂದೆ ನರ್ತಕರಿರಲಿಲ್ಲ, ಬಣ್ಣದ ವೇಷಭೂಷಣವೂ ಇರಲಿಲ್ಲ. ಪಿಯಾನೋ ಮತ್ತು ತಂತಿವಾದ್ಯಗಳ ತೆಳುವಾದ ಹಿಮ್ಮೇಳದೊಡನೆ, ಎದುರಿಗೆ ಕುಳಿತ ಒಬ್ಬರಿಗೆ ಮಾತ್ರ ಹೇಳುವವನಂತೆ, ಅವನು ಹಾಡಿದನು. ಆ ಹಾಡಿನ ಹೆಸರು 'ಅಮಾರ್ ಪೆಲೋಸ್ ದೋಯಿಸ್'. 'ಇಬ್ಬರ ಪಾಲಿಗೂ ಪ್ರೀತಿಸುವುದು' ಎಂದು ಅದನ್ನು ಕನ್ನಡಿಸಬಹುದು. ಅಗಲಿಹೋದ ಪ್ರಿಯರ ಹೃದಯದಲ್ಲಿ ಪ್ರೀತಿ ಉಳಿದಿಲ್ಲದಿದ್ದರೆ, ಇಬ್ಬರಿಗೂ ಸಾಲುವಷ್ಟು ಪ್ರೀತಿ ತನ್ನೊಬ್ಬನ ಹೃದಯದಲ್ಲಿಯೇ ಇದೆ ಎಂಬುದು ಹಾಡಿನ ಭಾವ. ಇದನ್ನು ರಚಿಸಿ ರಾಗ ಹಾಕಿದವಳು ಅವನ ಅಕ್ಕ ಲೂಯಿಸಾ ಸೊಬ್ರಾಲ್.

ಹಾಡುಗಾರನಿಗೆ ಆ ದಿನಗಳಲ್ಲಿ ತೀವ್ರವಾದ ಹೃದಯರೋಗವಿತ್ತು. ಕೀವ್ ನಗರದ ಮೊದಲ ಅಭ್ಯಾಸಗಳಿಗೆ ಅವನು ಬರಲಾಗದೆ ಅಕ್ಕನೇ ಅವನ ಸ್ಥಾನದಲ್ಲಿ ನಿಂತು ಹಾಡಿದ್ದಳು. ಅದೇ ವರ್ಷದ ಡಿಸೆಂಬರಿನಲ್ಲಿ ಅವನಿಗೆ ಬೇರೊಂದು ಹೃದಯವನ್ನು ಜೋಡಿಸುವ ಶಸ್ತ್ರಚಿಕಿತ್ಸೆಯಾಯಿತು. ಹೃದಯವನ್ನೇ ಕುರಿತ ಹಾಡನ್ನು ಅಂತಹವನು ಹಾಡಿದನೆಂಬುದು ಕೇಳುಗರ ಮನಸ್ಸನ್ನು ತಟ್ಟಿರಬಹುದು. ಆದರೆ ಗೆಲುವಿಗೆ ಅದೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಸಂಗೀತ ಬಲ್ಲ ತೀರ್ಪುಗಾರರಿಂದ ೩೮೨, ಸಾಮಾನ್ಯ ಪ್ರೇಕ್ಷಕರಿಂದ ೩೭೬, ಒಟ್ಟು ೭೫೮ ಅಂಕಗಳು ಆ ಹಾಡಿಗೆ ದೊರೆತವು. ಬಲ್ಲವರೂ ಸಾಮಾನ್ಯರೂ ಹೀಗೆ ಒಂದೇ ಹಾಡನ್ನು ಮೊದಲಿಗಿಡುವುದು ಅಪರೂಪ. ಪೋರ್ತುಗಲ್ ಈ ಸ್ಪರ್ಧೆಗೆ ಮೊದಲು ಬಂದದ್ದು ೧೯೬೪ರಲ್ಲಿ. ಅರ್ಧ ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಅದಕ್ಕೆ ಆರನೆಯ ಸ್ಥಾನಕ್ಕಿಂತ ಮೇಲಿನದು ಎಂದೂ ದೊರೆತಿರಲಿಲ್ಲ.

ಈ ಸ್ಪರ್ಧೆಯ ಹುಟ್ಟನ್ನು ಸ್ವಲ್ಪ ತಿಳಿಯುವುದು ಅಗತ್ಯ. ಎರಡನೆಯ ಮಹಾಯುದ್ಧದಿಂದ ಯುರೋಪು ಜರ್ಜರಿತವಾಗಿತ್ತು. ಯುದ್ಧ ಮುಗಿದು ಹತ್ತು ವರ್ಷಗಳಾದಾಗ ಅಲ್ಲಿಯ ದೇಶಗಳ ಪ್ರಸಾರಸಂಸ್ಥೆಗಳ ಒಕ್ಕೂಟವು, ಒಂದೇ ಕಾರ್ಯಕ್ರಮವನ್ನು ಹಲವು ದೇಶಗಳ ಜನ ಏಕಕಾಲದಲ್ಲಿ ನೋಡುವಂತೆ ಮಾಡುವ ಉಪಾಯವನ್ನು ಹುಡುಕುತ್ತಿತ್ತು. ಇಟಲಿಯ ಸಾನ್‌ರೇಮೋ ಎಂಬ ಊರಿನಲ್ಲಿ ೧೯೫೧ರಿಂದ ನಡೆಯುತ್ತಿದ್ದ ಗೀತೋತ್ಸವ ಅದಕ್ಕೆ ಮಾದರಿಯಾಯಿತು. ೧೯೫೬ರ ಮೇ ೨೪ರಂದು ಸ್ವಿಟ್ಜರ್ಲೆಂಡಿನ ಲುಗಾನೋ ಎಂಬಲ್ಲಿ ಏಳು ದೇಶಗಳು ಸೇರಿ ಮೊದಲ ಸ್ಪರ್ಧೆಯನ್ನು ನಡೆಸಿದವು. ಹೆಚ್ಚು ಕಡಿಮೆ ಪ್ರತಿವರ್ಷವೂ ಅದು ನಡೆದುಬಂದಿದೆ. ಹಾಡು ಮೂರು ನಿಮಿಷಗಳನ್ನು ಮೀರಬಾರದು, ವೇದಿಕೆಯ ಮೇಲೆ ಆರು ಮಂದಿಗಿಂತ ಹೆಚ್ಚು ಜನ ಇರಬಾರದು, ಮುಖ್ಯ ಗಾಯಕರು ಅಲ್ಲಿಯೇ ನಿಂತು ಹಾಡಬೇಕು, ರಾಜಕೀಯ ಪ್ರಚಾರ ಸಲ್ಲದು ಎಂಬವು ಮುಖ್ಯ ನಿಯಮಗಳು. ೧೯೯೯ರಿಂದ ಸಜೀವ ವಾದ್ಯವೃಂದವನ್ನು ಕೈಬಿಟ್ಟು, ಮುದ್ರಿತ ಹಿಮ್ಮೇಳಕ್ಕೆ ಹಾಡುವುದು ರೂಢಿಯಾಯಿತು. ಒಂದು ದೇಶದ ತೀರ್ಪುಗಾರರು ತಮಗೆ ಮೆಚ್ಚುಗೆಯಾದ ಹತ್ತು ಹಾಡುಗಳಿಗೆ ೧೨, ೧೦, ೮, ೭ ಎಂದು ಇಳಿಯುತ್ತ ೧ರವರೆಗೆ ಅಂಕ ಕೊಡುತ್ತಾರೆ. ಮನೆಯಲ್ಲಿ ಕುಳಿತ ಪ್ರೇಕ್ಷಕರೂ ದೂರವಾಣಿಯ ಮೂಲಕ ಹಾಗೆಯೇ ಮತ ಕೊಡುತ್ತಾರೆ. ತಮ್ಮ ದೇಶದ ಹಾಡಿಗೆ ತಾವೇ ಅಂಕ ಕೊಡುವಂತಿಲ್ಲ. ಈ ಕೊನೆಯ ನಿಯಮದಲ್ಲಿಯೇ ಸ್ಪರ್ಧೆಯ ತಿರುಳಿದೆ ಎನ್ನಬೇಕು. ಹಾಡು ಗೆಲ್ಲಬೇಕಾದುದು ತನ್ನವರ ಮುಂದಲ್ಲ, ಪರಕೀಯರ ಮುಂದೆ.

ಸೊಬ್ರಾಲನ ಹಾಡಿನಂತಹ ರಚನೆಗೆ ಪಾಶ್ಚಾತ್ಯರು 'ಬ್ಯಾಲಡ್' ಎನ್ನುತ್ತಾರೆ. ಈ ಶಬ್ದದ ಮೂಲಾರ್ಥ ಕುಣಿತಕ್ಕೆ ಸಂಬಂಧಿಸಿದುದು. ಕುಣಿಯುವಾಗ ಹಾಡುವ ಹಾಡು ಬರಬರುತ್ತ ಕಥೆ ಹೇಳುವ ಹಾಡಾಯಿತು. ನಮ್ಮ ಲಾವಣಿ, ಕಥನಗೀತೆಗಳು ಅದರ ಸಮೀಪದ ಬಂಧುಗಳು. ಇಪ್ಪತ್ತನೆಯ ಶತಮಾನದ ಜನಪ್ರಿಯ ಸಂಗೀತದಲ್ಲಿ ಕಥೆಯ ಅಂಶವೂ ಸಣ್ಣದಾಗಿ, ವಿರಹ ಅಥವಾ ಪ್ರೀತಿಯನ್ನು ನಿಧಾನಗತಿಯಲ್ಲಿ ತೋಡಿಕೊಳ್ಳುವ ಹಾಡಿಗೆ ಆ ಹೆಸರು ನಿಂತಿತು. ಕುಣಿತದಿಂದ ಹುಟ್ಟಿದ ಮಾತು ಕೊನೆಗೆ ಕುಣಿಯಲು ಬಾರದ ಹಾಡಿಗೆ ಸಂದದ್ದು ಭಾಷೆಯ ವಿನೋದಗಳಲ್ಲೊಂದು. ಸ್ಪರ್ಧೆಯ ಗದ್ದಲದಲ್ಲಿ ಇಂತಹ ಹಾಡಿಗೆ ಒಂದು ಅನುಕೂಲವೂ ಒಂದು ಅನನುಕೂಲವೂ ಉಂಟು. ಇಪ್ಪತ್ತು ಅಬ್ಬರದ ಹಾಡುಗಳ ನಡುವೆ ಮೆಲ್ಲಗೆ ಹಾಡಿದವನತ್ತ ಕಿವಿ ತಾನಾಗಿ ವಾಲುತ್ತದೆ. ಆದರೆ ಅದರ ಜೀವ ಮಾತಿನಲ್ಲಿರುವುದರಿಂದ, ಮಾತು ತಿಳಿಯದವನಿಗೆ ಅರ್ಧ ಹಾಡು ಕೈತಪ್ಪಿ ಹೋಗುವ ಭಯವಿದೆ.

ಈ ಭಯದಿಂದಲೇ ಸ್ಪರ್ಧೆಯಲ್ಲಿ ಭಾಷೆಯ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತಿತು. ೧೯೬೫ರಲ್ಲಿ ಸ್ವೀಡನ್ನಿನ ಗಾಯಕನೊಬ್ಬನು ಇಂಗ್ಲಿಷಿನಲ್ಲಿ ಹಾಡಿದುದು ಚರ್ಚೆಗೆ ಕಾರಣವಾಗಿ, ಮರುವರ್ಷದಿಂದ ಆಯಾ ದೇಶದವರು ತಮ್ಮ ಭಾಷೆಯಲ್ಲಿಯೇ ಹಾಡಬೇಕೆಂಬ ನಿಯಮ ಬಂದಿತು. ೧೯೭೩ರಲ್ಲಿ ಅದನ್ನು ಸಡಿಲಿಸಿದರು. ೧೯೭೪ರಲ್ಲಿ ಆಬಾ ಎಂಬ ಸ್ವೀಡನ್ನಿನ ತಂಡ ಇಂಗ್ಲಿಷ್ ಹಾಡಿನಿಂದ ಗೆದ್ದು ಜಗತ್ಪ್ರಸಿದ್ಧವಾಯಿತು. ೧೯೭೭ರಲ್ಲಿ ನಿಯಮ ಮರಳಿ ಬಂದಿತು. ೧೯೯೯ರಲ್ಲಿ ಮತ್ತೆ ಹೋಯಿತು. ಆ ಬಳಿಕ ಬಹುಪಾಲು ದೇಶಗಳು ತಮ್ಮ ನುಡಿಯನ್ನು ಮನೆಯಲ್ಲಿ ಬಿಟ್ಟು ಇಂಗ್ಲಿಷಿನಲ್ಲಿ ಹಾಡತೊಡಗಿದವು. ಯಾರೂ ಬಲವಂತ ಮಾಡಲಿಲ್ಲ. ಗೆಲ್ಲುವ ಆಸೆಯೇ ಸಾಕಾಯಿತು. ೨೦೦೭ರಲ್ಲಿ ಸರ್ಬಿಯಾ ದೇಶದ ಮರಿಯಾ ಶೆರಿಫೋವಿಚ್ ಪೂರ್ತಿಯಾಗಿ ತನ್ನ ಭಾಷೆಯಲ್ಲಿದ್ದ 'ಮೋಲಿತ್ವಾ' ಎಂಬ ಗೀತೆಯಿಂದ ಗೆದ್ದಳು. 'ಮೋಲಿತ್ವಾ' ಎಂದರೆ ಪ್ರಾರ್ಥನೆ. ಆಮೇಲೆ ಹಾಗೆ ಪೂರ್ತಿಯಾಗಿ ಸ್ವಭಾಷೆಯಲ್ಲಿ ಹಾಡಿ ಗೆದ್ದವನು ಸೊಬ್ರಾಲ್. ನಡುವೆ ಹತ್ತು ವರ್ಷಗಳು ಕಳೆದಿದ್ದವು.

ಸೊಬ್ರಾಲನಿಗಿಂತ ಹಿಂದಿನ ವರ್ಷದ ವಿಜಯ ಇನ್ನೂ ವಿಶಿಷ್ಟವಾದುದು. ೨೦೧೬ರಲ್ಲಿ ಉಕ್ರೇನಿನ ಪರವಾಗಿ ಹಾಡಿದ ಜಮಾಲಾ ಎಂಬ ಗಾಯಕಿ ಕ್ರಿಮಿಯಾದ ತಾತಾರ ಜನಾಂಗಕ್ಕೆ ಸೇರಿದವಳು. ೧೯೪೪ರ ಮೇ ತಿಂಗಳಿನಲ್ಲಿ ಸ್ಟಾಲಿನ್ನನ ಆಜ್ಞೆಯಂತೆ ಈ ಜನಾಂಗವನ್ನು ತಾಯ್ನೆಲದಿಂದ ಕಿತ್ತು ಮಧ್ಯ ಏಷ್ಯಕ್ಕೆ ಸಾಗಿಸಿದರು. ಸಾವಿರಾರು ಜನ ಸತ್ತರು. ಜಮಾಲಾ ತನ್ನ ಮುತ್ತಜ್ಜಿಯ ಬಾಳಿನ ಆ ಕಥೆಯನ್ನೇ ಹಾಡಾಗಿಸಿ, ಅದಕ್ಕೆ '೧೯೪೪' ಎಂದು ಹೆಸರಿಟ್ಟಳು. ನುಡಿಗಳು ಇಂಗ್ಲಿಷಿನಲ್ಲಿದ್ದರೂ ಪಲ್ಲವಿ ಮಾತ್ರ ತಾತಾರರ ಹಳೆಯ ಜನಪದ ಗೀತೆಯೊಂದರಿಂದ ಬಂದುದು. ಅಷ್ಟು ದೊಡ್ಡ ಸಭೆಯಲ್ಲಿ ಆ ನುಡಿ ಅದಕ್ಕೆ ಹಿಂದೆ ಕೇಳಿಬಂದಿರಲಿಲ್ಲ. ತಿಳಿಯದ ಭಾಷೆಯ ಪಲ್ಲವಿಯಲ್ಲಿಯೇ ಕೇಳುಗರಿಗೆ ದುಃಖ ಹೆಚ್ಚಾಗಿ ತಿಳಿಯಿತೆಂಬುದು ವಿಚಾರಯೋಗ್ಯ.

ಇಷ್ಟಾದರೂ ಸ್ಪರ್ಧೆಯ ಅಂಕಗಳನ್ನು ಹಾಡಿನ ಬೆಲೆಯೆಂದು ತಿಳಿಯುವಂತಿಲ್ಲ. ೧೯೫೮ರಲ್ಲಿ ಇಟಲಿಯ ದೊಮೇನಿಕೋ ಮೊದೂನ್ಯೋ ಹಾಡಿದ ಗೀತೆಗೆ ದೊರೆತದ್ದು ಮೂರನೆಯ ಸ್ಥಾನ. 'ವೊಲಾರೆ' ಎಂದು ಜನರ ಬಾಯಲ್ಲಿ ನಿಂತ ಆ ಹಾಡು ಜಗತ್ತನ್ನೇ ಸುತ್ತಿಬಂದಿತು. ಅದಕ್ಕಿಂತ ಮೇಲಿನ ಎರಡು ಹಾಡುಗಳ ನೆನಪು ಈಗ ಎಷ್ಟು ಜನರಿಗಿದೆ? ೧೯೭೮ರಲ್ಲಿ ನಾರ್ವೆಯ ಯಾನ್ ತೈಗನ್ ಸೊನ್ನೆ ಅಂಕ ಪಡೆದು ಕೊನೆಯವನಾದನು. ಆದರೆ ಅವನ ದೇಶದ ಜನ ಆ ಹಾಡನ್ನು ಮೆಚ್ಚಿ ಎತ್ತಿಕೊಂಡರು. ೧೯೩೬ರಲ್ಲಿ ಮದರಾಸಿನಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಎಂಗಲ್‌ಬರ್ಟ್ ಹಂಪರ್ಡಿಂಕ್ ಎಂಬ ಹೆಸರಿನಿಂದ ಕೀರ್ತಿವಂತನಾದ ಗಾಯಕನೂ ಒಮ್ಮೆ ಈ ಅಂಗಳಕ್ಕಿಳಿದನು. ೨೦೧೨ರಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಬಾಕು ನಗರದಲ್ಲಿ ಅವನು ಹಾಡಿದುದೂ ಒಂದು ಪ್ರೇಮದ ಬ್ಯಾಲಡ್ಡೇ. ಇಪ್ಪತ್ತಾರು ಮಂದಿಯಲ್ಲಿ ಅವನು ಇಪ್ಪತ್ತೈದನೆಯವನಾದನು.

ಹಾಡನ್ನು ಹಾಡಿನೆದುರು ನಿಲ್ಲಿಸುವ ಪದ್ಧತಿ ನಮ್ಮ ನಾಡಿಗೂ ಹೊಸದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹರದೇಶಿ-ನಾಗೇಶಿ ಎಂಬ ಲಾವಣಿಯ ವಾದ ಪ್ರಸಿದ್ಧವಾದುದು. ಹರದೇಶಿಯವರು ಶಿವನ, ಅಂದರೆ ಪುರುಷನ, ಹಿರಿಮೆಯನ್ನು ಎತ್ತಿ ಹಾಡುತ್ತಾರೆ; ನಾಗೇಶಿಯವರು ಶಕ್ತಿಯ, ಅಂದರೆ ಹೆಣ್ಣಿನ, ಪಕ್ಷವನ್ನು ಹಿಡಿಯುತ್ತಾರೆ. ಒಬ್ಬರು ಹಾಡಿನಲ್ಲಿ ಹಾಕಿದ ಸವಾಲಿಗೆ ಇನ್ನೊಬ್ಬರು ಹಾಡಿನಲ್ಲಿಯೇ ಉತ್ತರ ಕೊಡಬೇಕು. ರಾತ್ರಿಯೆಲ್ಲ ಇದು ನಡೆಯುತ್ತದೆ. ಕರಾವಳಿಯ ಯಕ್ಷಗಾನದಲ್ಲಿ ಜೋಡಾಟವಿದೆ: ಪಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಎರಡು ಮೇಳಗಳು ಒಂದೇ ರಾತ್ರಿ ಆಡುತ್ತವೆ, ಜನ ಯಾವ ಕಡೆಗೆ ಸರಿದು ಸೇರುತ್ತಾರೋ ಆ ಕಡೆಗೆ ಮೇಲುಗೈ. ಇಲ್ಲಿ ಕಾಗದ-ಲೇಖಣಿ ಹಿಡಿದು ಕುಳಿತ ತೀರ್ಪುಗಾರನಿಲ್ಲ, ನಿಮಿಷ ಎಣಿಸುವ ಗಡಿಯಾರವೂ ಇಲ್ಲ. ಹಾಗೆಂದು ಈ ಸ್ಪರ್ಧೆಗಳು ಸೌಮ್ಯವಾದುವೆಂದು ಭಾವಿಸಬಾರದು. ಸವಾಲಿಗೆ ಜವಾಬು ಹೊಳೆಯದೆ ತುಂಬಿದ ಸಭೆಯಲ್ಲಿ ಮೌನವಾಗಿ ನಿಲ್ಲುವುದಕ್ಕಿಂತ ಸೊನ್ನೆ ಅಂಕ ಪಡೆಯುವುದು ಸುಲಭವೇ ಸರಿ. ಮುಖ್ಯವಾದ ಭೇದವೆಂದರೆ, ಇಲ್ಲಿ ಕೇಳುವವರೆಲ್ಲ ಹಾಡಿನ ಮನೆಯವರೇ. ಕಥೆಯೂ ದೇವರೂ ಗಾದೆಯೂ ಅವರಿಗೆ ಮೊದಲೇ ಗೊತ್ತು.

ಸ್ಪರ್ಧೆಯ ಹಂಗೇ ಇಲ್ಲದೆ ಬೆಳೆದ ಹಾಡಿನ ಭಂಡಾರವೂ ಒಂದುಂಟು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ತಾಲೂಕುಗಳ ಕೊಪ್ಪಗಳಲ್ಲಿ ವಾಸಿಸುವ ಹಾಲಕ್ಕಿ ಒಕ್ಕಲಿಗರು ಬೇಸಾಯವನ್ನೇ ನಂಬಿದ ಜನ. ಫಾಲ್ಗುಣ ಮಾಸದಲ್ಲಿ, ಕೊಯ್ಲು ಮುಗಿದ ಮೇಲೆ, ಗಂಡಸರು ಬಣ್ಣಬಣ್ಣದ ತುರಾಯಿಗಳನ್ನು ತಲೆಗೇರಿಸಿ ಸುಗ್ಗಿ ಕುಣಿಯುತ್ತಾರೆ. ಮಣ್ಣಿನ ಮಡಕೆಯ ಬಾಯಿಗೆ ಚರ್ಮ ಬಿಗಿದು ಮಾಡಿದ ಗುಮಟೆಯ ನಾದ ಹೋಳಿ ಹುಣ್ಣಿಮೆಯವರೆಗೂ ಊರಿಂದೂರಿಗೆ ಕೇಳುತ್ತದೆ. ಹೆಂಗಸರ ಹಾಡುಗಳಿಗೆ ಸಸಿ ನೆಡುವ ಗದ್ದೆ, ಭತ್ತ ಕುಟ್ಟುವ ಒರಳು, ಮದುವೆಯ ಚಪ್ಪರ, ತೊಟ್ಟಿಲು ಇವೇ ರಂಗಸ್ಥಳಗಳು. ಮದುವೆಯ ಒಂದೊಂದು ಶಾಸ್ತ್ರಕ್ಕೆ ಒಂದೊಂದು ಹಾಡಿದೆ. ಶಾಸ್ತ್ರ ಮುಗಿಯುವವರೆಗೆ ಹಾಡು ನಡೆಯಬೇಕು. ಒಬ್ಬಳು ಹೇಳಿದ ಸಾಲನ್ನು ಉಳಿದವರು ಹಿಡಿದು ಮರಳಿ ಹೇಳುವುದರಿಂದ ಹಾಡುವವರು ಯಾರು, ಕೇಳುವವರು ಯಾರು ಎಂದು ಬೇರ್ಪಡಿಸಿ ತೋರಿಸುವುದು ಕಷ್ಟ.

ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಈ ಭಂಡಾರದ ಕೀಲಿಕೈಯಂತಿದ್ದ ಹಿರಿಯ ಜೀವ. ಓದುಬರಹ ಕಲಿಯದ ಅವರು ತಾಯಿಯ ಬಾಯಿಂದ ಹಾಡುಗಳನ್ನು ಕಲಿತು, ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಊರಿನಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಒಗ್ಗೂಡಿಸಿದವರೂ ಅವರೇ. ಸೊಬ್ರಾಲನು ಕೀವ್ ನಗರದಲ್ಲಿ ಹಾಡಿದ ೨೦೧೭ರಲ್ಲಿಯೇ, ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಆ ಗೌರವವನ್ನು ತಂದುಕೊಟ್ಟ ಹಾಡುಗಳು ಯಾವ ಹಾಡನ್ನೂ ಸೋಲಿಸಲು ಹುಟ್ಟಿದವಲ್ಲ. ೨೦೨೫ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಇಂದು ಹಾಲಕ್ಕಿಯ ಹಾಡು ಕೂಡ ವೇದಿಕೆ ಏರುತ್ತಿದೆ. ಕರ್ನಾಟಕದ ಶಾಲೆಗಳಲ್ಲಿ ನಡೆಯುವ ಪ್ರತಿಭಾ ಕಾರಂಜಿಯಲ್ಲಿ ಜನಪದ ಗೀತೆಯೂ ಒಂದು ವಿಭಾಗ. ಶಾಲೆಯಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲಾಕೇಂದ್ರವಾದ ಕಾರವಾರಕ್ಕೆ, ಅಲ್ಲಿಂದ ರಾಜ್ಯಮಟ್ಟಕ್ಕೆ ಗೆದ್ದವರು ಏರುತ್ತಾರೆ. ಮಕ್ಕಳಿಗೆ ಇದರಿಂದ ಧೈರ್ಯ ಬರುತ್ತದೆ, ಅಜ್ಜಿಯ ಹಾಡನ್ನು ಕೇಳಿ ಕಲಿಯಲು ಒಂದು ನೆಪ ದೊರೆಯುತ್ತದೆ. ಅದು ಸಣ್ಣ ಲಾಭವಲ್ಲ. ಆದರೆ ಕೊಪ್ಪದ ಹುಡುಗಿಯೊಬ್ಬಳು ಈ ಏಣಿಯನ್ನು ಹತ್ತುವಾಗ, ಯುರೋಪಿನ ದೇಶಗಳು ಅನೇಕ ವರ್ಷ ಚರ್ಚಿಸಿದ ಪ್ರಶ್ನೆಯೇ ಅವಳಿಗೂ ಎದುರಾಗುತ್ತದೆ. ಹಾಲಕ್ಕಿಗಳ ಕನ್ನಡ ಪಠ್ಯಪುಸ್ತಕದ ಕನ್ನಡದಂತಿಲ್ಲ. ಬೇರೆ ಜಿಲ್ಲೆಯ ತೀರ್ಪುಗಾರರಿಗೆ ಅದರ ಅನೇಕ ಮಾತುಗಳು ತಿಳಿಯಲಾರವು. ಮಾತನ್ನು ತಿದ್ದಿ 'ಶುದ್ಧ'ಗೊಳಿಸಿದರೆ ಹಾಡು ಎಲ್ಲರಿಗೂ ತಿಳಿಯುತ್ತದೆ, ಆದರೆ ಪ್ರಾಸ ಕೆಡುತ್ತದೆ, ಉಸಿರು ನಿಲ್ಲುವ ಎಡೆ ತಪ್ಪುತ್ತದೆ, ಕೊನೆಗೆ ಹಾಡು ಎಲ್ಲಿಯದೂ ಅಲ್ಲದುದಾಗುತ್ತದೆ. ತಿದ್ದದೆ ಹಾಡಿದರೆ ಅಂಕ ಕಡಿಮೆಯಾಗಬಹುದು. ಮನೆಯಲ್ಲಿ ಕೊಂಕಣಿಯಾಡುವ ಕಾರವಾರದ ಹುಡುಗನಿಗೂ ಈ ತೊಡಕು ತಪ್ಪಿದ್ದಲ್ಲ.

ಈ ತೊಡಕಿಗೆ ಸೊಬ್ರಾಲನ ಹಾಡು ಅರ್ಧ ಉತ್ತರವನ್ನು ಮಾತ್ರ ಕೊಡುತ್ತದೆ. ಪೋರ್ತುಗೀಸ್ ತಿಳಿಯದ ಜನ ಅದನ್ನು ಗೆಲ್ಲಿಸಿದರೆಂಬುದು ನಿಜ. ಆದರೆ ಅದು ಮೂರು ನಿಮಿಷಗಳ ವೇದಿಕೆಗಾಗಿಯೇ ರಚಿತವಾದ ಹಾಡು. ಒಂಟಿ ಮನಸ್ಸಿನ ಅಳಲನ್ನು ಒಂಟಿ ಕಂಠ ಹೇಳಿದರೆ ಅಲ್ಲಿಗೆ ಅದು ಪೂರ್ಣ. ಮದುಮಗಳನ್ನು ಹಸೆಗೆ ಕರೆಯುವ ಹಾಡು ಹಾಗಲ್ಲ. ಅದರಲ್ಲಿ ಕರೆಯುವ ಕೆಲಸವಿದೆ, ಕರೆಸಿಕೊಳ್ಳುವ ಹುಡುಗಿಯಿದ್ದಾಳೆ, ಬೀಗರಿಗೆ ತಟ್ಟಬೇಕಾದ ಚುಚ್ಚುಮಾತಿದೆ. ಮೈಕಿನ ಮುಂದೆ ಸಾಲಾಗಿ ನಿಂತು, ಗಂಟೆ ಬಾರಿಸುವುದರೊಳಗೆ ಮುಗಿಸುವಾಗ ಇವಾವುವೂ ಜೊತೆಗೆ ಬರುವುದಿಲ್ಲ. ರಾಗ ಬರುತ್ತದೆ, ಉಡುಗೆ ಬರುತ್ತದೆ, ಕೊರಳ ಕರಿಮಣಿಯ ಸರಗಳೂ ಬರುತ್ತವೆ.

ನೌಕಾನೆಲೆಗಾಗಿ ಕಾರವಾರ ಹಾಗೂ ಅಂಕೋಲಾ ತಾಲೂಕುಗಳ ಹಲವು ಹಳ್ಳಿಗಳ ಕುಟುಂಬಗಳು ತಮ್ಮ ಮನೆ-ಗದ್ದೆಗಳನ್ನು ಬಿಟ್ಟುಕೊಟ್ಟು ಬೇರೆಡೆ ನೆಲೆಸಬೇಕಾಯಿತು. 'ಐ.ಎನ್.ಎಸ್. ಕದಂಬ' ಎಂಬ ಆ ನೆಲೆ ೨೦೦೫ರಲ್ಲಿ ಸೇವೆಗೆ ಸಿದ್ಧವಾಯಿತು. ಜಮಾಲಾಳ ಜನಾಂಗ ಅನುಭವಿಸಿದ ಕ್ರೌರ್ಯಕ್ಕೂ ಇದಕ್ಕೂ ಹೋಲಿಕೆಯಿಲ್ಲ; ಇಲ್ಲಿ ಪರಿಹಾರವಿತ್ತು, ಪುನರ್ವಸತಿಯ ಏರ್ಪಾಟಿತ್ತು. ಆದರೂ ಗದ್ದೆ ಹೋದಲ್ಲಿ ನಾಟಿಯ ಹಾಡಿಗೆ ಎಡೆಯಿಲ್ಲ. ಅಕ್ಕಿಯ ಗಿರಣಿ ಬಂದ ಊರಿನಲ್ಲಿ ಕುಟ್ಟುವ ಹಾಡಿಗೆ ಎಡೆ ಹೋಗಿ ಎಷ್ಟೋ ಕಾಲವಾಯಿತು. ಹಾಗೆ ಕೆಲಸ ಕಳೆದುಕೊಂಡ ಹಾಡುಗಳಿಗೆ ಈಗ ಉಳಿದಿರುವ ಆಸರೆಗಳಲ್ಲಿ ಸ್ಪರ್ಧೆಯ ವೇದಿಕೆಯೂ ಒಂದು. ಮದುವೆಯ ಹಾಡುಗಳ ಸ್ಥಿತಿ ಅಷ್ಟು ಬಿಗಡಾಯಿಸಿಲ್ಲ. ಅಂಕೋಲೆಯ ಕೊಪ್ಪಗಳ ಚಪ್ಪರದಲ್ಲಿ ಧ್ವನಿವರ್ಧಕ ಒಂದು ಮೂಲೆಯಲ್ಲಿ ಚಲನಚಿತ್ರಗೀತೆಯನ್ನು ಹಾಡುತ್ತಿರುವಾಗಲೂ, ಒಳಗೆ ಅರಿಸಿನ ಹಚ್ಚುವ ಹೊತ್ತಿಗೆ ಹಿರಿಯಳೊಬ್ಬಳು ಸಾಲೊಂದನ್ನು ಎತ್ತಿಕೊಡುತ್ತಾಳೆ, ಸುತ್ತ ಕುಳಿತವರು ಅದನ್ನು ಹಿಡಿಯುತ್ತಾರೆ.